ಕರಿ ಬಟ್ಟೆಯೊಳಗಿನ ಎಲೆ

"ನಾನೇ ಕಣೇ ಇಟ್ಟಿದ್ದು, ನನ್ನ ಬುದ್ಧಿಗೆ ಏನನ್ನೋಣ" ಎಂದು ಅತ್ತೆ ಶುರುಮಾಡಿದಾಗ ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಬಾಗಿಲ ಬಳಿ ಬಗ್ಗಿದ್ದಳು. ಅತ್ತೆಯ ಕೈಯಲ್ಲಿ ಕುಂಡವಿತ್ತು. ವರ್ಷಗಟ್ಟಲೆ ನಡುಮನೆಯ ಮೂಲೆಯಲ್ಲಿ ಯಾರಿಗೂ ಬೇಡವಾದ ನೆಂಟನ ಹಾಗೆ ಕೂತಿದ್ದ ಅಗಲ ಎಲೆಯ ಗಿಡ ಅದು. ನಿನ್ನೆ ಮಧ್ಯಾಹ್ನ ಅತ್ತೆ ಅದನ್ನು ತಾರಸಿಗೆ ಹೊತ್ತುಕೊಂಡು ಹೋಗಿ ಬಿಸಿಲಿಗಿಟ್ಟಿದ್ದರು. ಈಗ ಎಲೆಗಳ ನಡುವೆಲ್ಲ ಬಣ್ಣ ಹೋಗಿ, ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಬಟ್ಟೆಯ ಹಾಗೆ ಒಣಗಿದ ಕಂದು ಕಲೆ ಬಿದ್ದಿತ್ತು. "ಪಾಪ, ಮೂಲೇಲಿ ಕೊಳೀತಿದೆ, ಒಂದಿಷ್ಟು ಬಿಸಿಲು ಕಾಣ್ಲಿ ಅಂತ ಇಟ್ಟೆ. ನೀನು ದಿನಾ ಬಿಸಿಲು ಬಿಸಿಲು ಅಂತ ಸಾಯ್ತೀಯಲ್ಲ, ಬಿಸಿಲಂದ್ರೆ ಗಿಡಕ್ಕೆ ಊಟ ಅಂತೀಯಲ್ಲ, ಅದಕ್ಕೇ ಇಟ್ಟೆ." ಅವಳಿಗೆ ಹೊತ್ತಾಗಿತ್ತು. ಆದರೂ ಪಾಠ ಹೇಳುವ ಬಾಯಿ ಸುಮ್ಮನಿರದೆ, ನೆರಳಲ್ಲಿ ಬೆಳೆದ ಎಲೆ ಸಿಕ್ಕಷ್ಟು ಬೆಳಕನ್ನೂ ಬಾಚಿಕೊಳ್ಳೋಕೆ ಕೈ ಚಾಚಿಕೊಂಡಿರುತ್ತೆ ಅತ್ತೆ, ಒಮ್ಮೆಲೇ ಮೇಲಿಂದ ಸುರಿದರೆ ಹೆಚ್ಚಾದ್ದನ್ನ ಆಚೆ ಚೆಲ್ಲೋದು ಅದಕ್ಕೆ ಗೊತ್ತಾಗಲ್ಲ, ಒಳಗೇ ಸುಟ್ಟುಕೊಳ್ಳುತ್ತೆ ಎಂದಳು. "ಅಂದ್ರೆ ಆಸೆಬುರುಕ ಅನ್ನು" ಎಂದರು ಅತ್ತೆ, ಗಿಡವನ್ನೇ ಬೈಯುವಂತೆ. ಮರುಕ್ಷಣ ಮುಖ ಸಣ್ಣದು ಮಾಡಿಕೊಂಡು, "ಅದರದ್ದೇನು ತಪ್ಪು ಬಿಡು, ಹೊತ್ತುಕೊಂಡು ಹೋದವಳು ನಾನು. ನಾನೇ ಸುಟ್ಟೆ" ಎಂದು ಕುಂಡವನ್ನು ಮತ್ತೆ ಮೂಲೆಯಲ್ಲಿಟ್ಟು, ಕೈ ಝಾಡಿಸಿಕೊಂಡು, ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದರು. ಇನ್ನೊಂದು ಚಪ್ಪಲಿ ಕುರ್ಚಿಯಡಿ ಸಿಕ್ಕಿತು. ಎಷ್ಟು ಸುಲಭವಾಗಿ ಹೇಳಿಬಿಟ್ಟರಲ್ಲ ಎಂದು ಅವಳಿಗೆ ಆಗ ಅನ್ನಿಸಲಿಲ್ಲ. ಅದು ಅನ್ನಿಸಿದ್ದು ಆಮೇಲೆ, ಊಟದ ಮೇಜಿನ ಮುಂದೆ.

ಇವತ್ತು ಮೇಷ್ಟರು ಬರುವ ದಿನ. ಅವಳಿಗೆ ಕೆಲಸ ಕಲಿಸಿದವರು, ಈಗ ಬೇರೊಂದು ಊರಿನಲ್ಲಿ ದೊಡ್ಡ ಕೇಂದ್ರವೊಂದನ್ನು ನಡೆಸುತ್ತಿರುವವರು, ಕಣ್ಣು ಮಂಜಾಗಿ ಮುಖಗಳನ್ನು ದನಿಯಿಂದ ಗುರುತು ಹಿಡಿಯುವ ಸ್ಥಿತಿಗೆ ಬಂದವರು. ಅವರು ಬರುತ್ತಿರುವುದು ಅವಳ 'ಎಲೆ'ಯನ್ನು ನೋಡುವುದಕ್ಕೆ. ಜೊತೆಗೆ ಅವಳ ವಿದ್ಯಾರ್ಥಿನಿ ಗುಬ್ಬಿಯನ್ನು ನೋಡಿ, ತಮ್ಮ ಕೇಂದ್ರಕ್ಕೆ ಸೇರಿಸಿಕೊಳ್ಳಬಹುದೋ ಬಾರದೋ ಎಂದು ತೀರ್ಮಾನಿಸುವುದಕ್ಕೆ. ಸದಾ ಏನಾದರೊಂದು ಕುಟುಕುತ್ತಲೇ ಇರುತ್ತಾಳೆಂದು, ಮಾತೂ ಹಾಗೇ ಚಿಲಿಪಿಲಿ ಎಂದು, ಪ್ರಯೋಗಾಲಯದವರೆಲ್ಲ ಸೇರಿ ಆ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದರು. ಗುಬ್ಬಿಗೆ ಕಲಿಸುವ ಅವಳಿಗೂ ಒಂದು ಹೆಸರಿತ್ತು, ಎದುರಿಗೆ ಯಾರೂ ಹೇಳುತ್ತಿರಲಿಲ್ಲ: ಕರಿಬಟ್ಟೆ ಮೇಡಂ. ಆ ಹೆಸರು ತನಗೆ ಗೊತ್ತಿಲ್ಲವೆಂಬಂತೆ ಅವಳು ನಡೆದುಕೊಳ್ಳುತ್ತಿದ್ದಳು; ಒಳಗೊಳಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಎಲೆಯೆಂದರೆ ಅಂಗೈಯಗಲದ ಗಾಜಿನ ಹಲಗೆ. ಮುಂಭಾಗಕ್ಕೆ ಬೆಳಕು ಹೀರುವ ಕಂದು ಪದರ, ಹಿಂಭಾಗಕ್ಕೆ ಅಂಟಿನಿಂದ ಕೂರಿಸಿದ ತೆಳ್ಳನೆಯ ಲೋಹದ ತಗಡು. ನೀರಲ್ಲಿ ಮುಳುಗಿಸಿ ಬೆಳಕಿಗೆ ಹಿಡಿದರೆ ನೀರು ಒಡೆದು ಎರಡು ಗಾಳಿಗಳಾಗಿ ಗುಳ್ಳೆಗುಳ್ಳೆಯಾಗಿ ಮೇಲೇಳಬೇಕು. ಅದರಲ್ಲೊಂದು ಗಾಳಿ ಉರಿಯುವಂಥದ್ದು, ಹಿಡಿದಿಟ್ಟುಕೊಂಡರೆ ಬಿಸಿಲನ್ನೇ ಸೀಸೆಯಲ್ಲಿ ಕೂಡಿಟ್ಟ ಹಾಗೆ. ಮರದ ಎಲೆ ಬೆಳಗಾದರೆ ಸದ್ದಿಲ್ಲದೆ ಮಾಡುವ ಕೆಲಸದ ಮೊದಲ ಅರ್ಧ ಇದು. ಆದರೆ ನೀರಲ್ಲಿ ಗುಳ್ಳೆ ಏಳುವುದಕ್ಕೆ ನೂರು ಕಾರಣ. ಅದಕ್ಕೇ ಮೇಷ್ಟರ ಒಂದು ಪದ್ಧತಿ: ಏನನ್ನೇ ಆಗಲಿ ಎರಡು ಸಲ ನೋಡಬೇಕು, ಒಮ್ಮೆ ದೀಪದ ಕೆಳಗೆ, ಒಮ್ಮೆ ಕರಿ ಬಟ್ಟೆಯ ಕೆಳಗೆ. ಬೆಳಕಲ್ಲಿ ಬಂದದ್ದರಲ್ಲಿ ಕತ್ತಲಲ್ಲಿ ಬಂದದ್ದನ್ನು ಕಳೆ, ಉಳಿದರೆ ಅದು ನಿನ್ನದು, ಉಳಿಯದಿದ್ದರೆ ಕೈ ತೊಳೆದುಕೊಂಡು ಮನೆಗೆ ಹೋಗು ಎನ್ನುತ್ತಿದ್ದರು. ಅವಳು ಅವರ ಕೈಕೆಳಗೆ ಸೇರಿದ ಹೊಸತರಲ್ಲಿ, ಮುಚ್ಚುವುದಕ್ಕೆ ಸರಿಯಾದ ಬಟ್ಟೆ ಸಿಗಲಿಲ್ಲ ಸರ್ ಎಂದು ನೆಪ ಹೇಳಿದ್ದಕ್ಕೆ, ಮೂಲೆಯಲ್ಲಿ ಒರಗಿಸಿದ್ದ ತಮ್ಮ ಛತ್ರಿಯನ್ನೇ ಬಿಚ್ಚಿ, ಕಡ್ಡಿಗಳಿಂದ ಬಟ್ಟೆ ಹರಿದು, ಮಡಿಸಿ ಅವಳ ಕೈಗೆ ಕೊಟ್ಟು, ಆ ಸಂಜೆ ನೆನೆದುಕೊಂಡು ಮನೆಗೆ ಹೋಗಿದ್ದರು. ಅವಳು ಎಲ್ಲಿಗೆ ಕೆಲಸಕ್ಕೆ ಹೋದರೂ ಆ ಬಟ್ಟೆ ಅವಳ ಜೊತೆಗೇ ಹೋಯಿತು. ಒಂದು ಅಂಚಿನಲ್ಲಿ ಕಡ್ಡಿಯ ತುದಿ ಕೂರಿಸುತ್ತಿದ್ದ ದಾರದ ಹೊಲಿಗೆ ಇನ್ನೂ ಇತ್ತು.

ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಕಿಟಕಿಯ ಪರದೆ ಎಳೆದಿತ್ತು, ದೀಪ ಆರಿತ್ತು. ಕೃತಕ ಬಿಸಿಲು ಕೊಡುವ ಆ ದೊಡ್ಡ ದೀಪಕ್ಕೆ ಹುಡುಗರು ಸುಳ್ಳು ಸೂರ್ಯ ಎನ್ನುತ್ತಿದ್ದರು. ತೊಟ್ಟಿಯ ಮೇಲಿನ ನಲ್ಲಿ ಎಂದಿನಂತೆ ತೊಟ್ಟಿಕ್ಕುತ್ತಿತ್ತು. ಎಲೆಯ ಗಾಜಿನ ಪಾತ್ರೆ ಮೇಜಿನ ನಡುವೆ ಇತ್ತು, ಮೇಲೆ ಕರಿ ಬಟ್ಟೆ ಹೊದಿಸಿತ್ತು. ನಾನು ಮುಚ್ಚಿ ಹೋಗಿದ್ದೆನೇ ಎಂದು ಅವಳಿಗೆ ನೆನಪಾಗಲಿಲ್ಲ. ಕಸ ಗುಡಿಸುವಾಕೆ ಧೂಳು ಬೀಳದಿರಲಿ ಎಂದು ಹಾಕಿರಬೇಕು ಅಂದುಕೊಂಡಳು. ಬಟ್ಟೆಯ ಅಂಚನ್ನು ಎತ್ತಿ ಒಳಗೆ ಇಣುಕಿದಳು. ಮೊದಲ ಗಳಿಗೆ ಅವಳಿಗಾದದ್ದು ಸಂತೋಷ. ಗುಳ್ಳೆಗಳು ಸಾಲಾಗಿ, ಸಣ್ಣಗೆ, ತಾಯಿ ಬರುವ ಮುಂಚೆಯೇ ಎದ್ದು ಮುಖ ತೊಳೆದು ಕೂತ ಮಕ್ಕಳ ಹಾಗೆ, ತಗಡಿನ ಅಂಚಿನಿಂದ ಮೇಲೇಳುತ್ತಿದ್ದವು. ಎಷ್ಟು ಒಳ್ಳೆಯವು ಅನ್ನಿಸಿತು. ಆಮೇಲೆ ಕೈ ತಣ್ಣಗಾಯಿತು. ರಾತ್ರಿಯಿಡೀ ಕತ್ತಲು. ಬೆಳಗ್ಗೆಯೂ ಕತ್ತಲು. ಅವಳು ಬಟ್ಟೆ ಬಿಟ್ಟಳು, ಮತ್ತೆ ಎತ್ತಿದಳು, ಎರಡನೆಯ ಸಲಕ್ಕೆ ಇರದೇ ಹೋಗಬಹುದು ಎಂಬಂತೆ. ಇದ್ದವು. ಕಣ್ಣನ್ನು ಗಾಜಿಗೆ ತಾಗಿಸಿ ನೋಡಿದರೆ ತಗಡಿನ ಕೆಳಮೂಲೆಯಲ್ಲಿ ಅಂಟು ಎದ್ದುಬಂದಿತ್ತು. ನೀರು ಹಿಂದಕ್ಕೆ ನುಸುಳಿ ಲೋಹವನ್ನು ನೆಕ್ಕುತ್ತಿತ್ತು. ಅಲ್ಲಿ ಹೊಳಪು ಹೋಗಿ ಇಲಿ ಕಡಿದ ಹಾಗೆ ಅಂಚು ಸವೆದಿತ್ತು. ಗುಳ್ಳೆ ಬೆಳಕಿನದಲ್ಲ. ತಗಡು ತನ್ನನ್ನು ತಾನೇ ತಿಂದುಕೊಂಡು ಬಿಡುತ್ತಿದ್ದ ಗಾಳಿ. ದೀಪ ಹಾಕಿದಾಗ ಹೆಚ್ಚಾಗುತ್ತಿತ್ತಲ್ಲ ಎಂದು ಮನಸ್ಸು ಕೊಸರಾಡಿತು. ದೀಪಕ್ಕೆ ನೀರು ಬಿಸಿಯಾಗುತ್ತಿತ್ತು, ಬಿಸಿ ನೀರಲ್ಲಿ ತಗಡು ಬೇಗ ಕರಗುತ್ತಿತ್ತು, ಅಷ್ಟೇ. ಇಷ್ಟು ತಿಂಗಳು ಅವಳು ಹಿಗ್ಗುತ್ತಿದ್ದದ್ದು ಬೆಚ್ಚಗಿನ ನೀರಿಗೆ.

ಹೊಸ ತಗಡು ಆರಿಸಿದವಳು ಅವಳೇ, ಹಗುರ, ಸುಲಭ ಎಂದು. ಅದನ್ನು ಕೂರಿಸಿದ ದಿನ ಗುಬ್ಬಿ ಕರಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು, "ಮೇಡಂ, ಒಂದ್ಸಲ ಮುಚ್ಚಿ ನೋಡೋಣ್ವಾ?" ಎಂದಿದ್ದಳು. ಅವಳು ಆಗತಾನೇ ಫೋನಿನಲ್ಲಿ ನಿರ್ದೇಶಕರಿಗೆ, ಆಗಿದೆ ಸರ್, ಬಂದಿದೆ, ಮೇಷ್ಟರನ್ನ ಕರೆಸಬಹುದು ಎಂದು ಹೇಳಿ ಮುಗಿಸಿದ್ದಳು. ಕಿವಿಯಲ್ಲಿ ಇನ್ನೂ ಅವರ ಭೇಷ್ ಭೇಷ್ ಇತ್ತು. "ಏನಮ್ಮಾ, ನನಗೇ ಕರಿ ಬಟ್ಟೆ ಹೇಳ್ಕೊಡ್ತೀಯಾ?" ಎಂದಿದ್ದಳು. ಪಕ್ಕದ ಮೇಜಿನವರು ನಕ್ಕರು. "ಈ ಪದರ ನನ್ನ ಕೈಯಲ್ಲಿ ಬೆಳೆದಿದ್ದು. ಇದರ ಮುಖ ನೋಡಿದ್ರೆ ನನಗೆ ಗೊತ್ತಾಗುತ್ತೆ. ಹೋಗು, ಚಿತ್ರ ತೆಗಿ." ಗುಬ್ಬಿಯೂ ನಕ್ಕಿದ್ದಳು, ಬಟ್ಟೆಯನ್ನು ನೀಟಾಗಿ ಮಡಿಸಿ ಗೂಟಕ್ಕೆ ಹಾಕಿದ್ದಳು. ಅದರ ಮಡಿಕೆ ಮಾತ್ರ ಅವಳಿಗೆ ಈಗ ನೆನಪಾಯಿತು: ನಾಲ್ಕಾಗಿ, ಅಂಚಿಗೆ ಅಂಚು ಕೂಡಿಸಿ, ಏನನ್ನೋ ಹೇಳಬೇಕಾಗಿದ್ದ ಕೈಗಳು ಅದನ್ನು ಹೇಳದೆ ಬೇರೆ ಕೆಲಸ ಮಾಡುವ ರೀತಿ.

ಕಾರಿಡಾರಿನಲ್ಲಿ ಹೆಜ್ಜೆ ಕೇಳಿಸಿತು. ಅವಳು ಬಟ್ಟೆ ಬಿಟ್ಟು, ಕಿಟಕಿಯ ಬಳಿಗೆ ಹೋಗಿ, ಪರದೆಯನ್ನು ಸರಿಪಡಿಸುವವಳಂತೆ ನಿಂತಳು. ತನ್ನದೇ ಪ್ರಯೋಗಾಲಯದಲ್ಲಿ ಕಳ್ಳಿಯ ಹಾಗೆ. ಬಂದವಳು ಗುಬ್ಬಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಬಾಯಲ್ಲಿ ಬಿಸ್ಕತ್ತು. "ಬೇಗ ಬಂದ್ಬಿಟ್ರಾ ಮೇಡಂ?" ಎಂದಳು. ಕಣ್ಣು ಒಮ್ಮೆ ಪಾತ್ರೆಯ ಕಡೆ ಹೋಗಿ, ಒಮ್ಮೆ ಇವಳ ಮುಖಕ್ಕೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಇತ್ತು. "ಹೂಂ. ಧೂಳು ಒರೆಸೋಣ ಅಂತ" ಎಂದಳು ಇವಳು. ಗುಬ್ಬಿ ಬಿಸ್ಕತ್ತು ನುಂಗಿದಳು. "ಎಲ್ಲ ಸರಿಯಾಗಿದೆಯಾ ಮೇಡಂ?" ಈಗ ಹೇಳಬಹುದಿತ್ತು. ಇಬ್ಬರೇ ಇದ್ದರು, ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. "ಸರಿಯಾಗೇ ಇರುತ್ತಲ್ಲ, ಯಾಕೆ?" ಎಂದಳು. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. "ಏನಿಲ್ಲ, ಸುಮ್ನೆ ಕೇಳ್ದೆ" ಎಂದು ಗುಬ್ಬಿ ತೊಟ್ಟಿಯ ಕಡೆ ತಿರುಗಿ ಕೈ ತೊಳೆದಳು, ಕೊಳೆಯಿಲ್ಲದ ಕೈಯನ್ನು ತುಂಬ ಹೊತ್ತು ತೊಳೆದಳು.

ಆಮೇಲೆ ಹೇಳುವುದಕ್ಕೆ ಜಾಗವೇ ಸಿಗಲಿಲ್ಲ, ಅಥವಾ ಅವಳೇ ಜಾಗ ಕೊಡಲಿಲ್ಲ. ನಿರ್ದೇಶಕರು ಬಂದು ಕುರ್ಚಿಗಳನ್ನು ಎಣಿಸಿದರು, ಕಿಟಕಿ ಒರೆಸಿಸಿದರು, "ಮೇಷ್ಟರಿಗೆ ಮುಂದಿನ ಸಾಲು, ಪಾಪ ಕಣ್ಣು ಕಾಣಲ್ಲ, ನೀವು ಪಕ್ಕದಲ್ಲೇ ಕೂತ್ಕೊಂಡು ಹೇಳ್ತಾ ಇರಿ" ಎಂದರು. ಹೇಳುತ್ತೇನೆ, ನಿರ್ದೇಶಕರು ಈ ಮಾತು ಮುಗಿಸಲಿ, ಹೇಳುತ್ತೇನೆ ಎಂದು ಅವಳು ಕಾಯುತ್ತಿದ್ದಳು. ಅವರು ಒಂದು ಮಾತು ಮುಗಿಸುವುದರೊಳಗೆ ಇನ್ನೊಂದು ಶುರುಮಾಡುವ ಮನುಷ್ಯ ಎಂಬುದು ಇವತ್ತು ಅವಳಿಗೆ ಉಪಕಾರದಂತೆ ಒದಗಿಬಂತು. ಮೇಷ್ಟರು ಬಂದರು, ಕೋಲು ಹಿಡಿದು, ಮೆಟ್ಟಿಲನ್ನು ಕಾಲಿನಿಂದಲೇ ಓದುತ್ತ. "ಎಲ್ಲಿ ನಮ್ಮ ಹುಡುಗಿ?" ಎಂದು ಅವಳ ಕೂದಲು ನರೆತದ್ದನ್ನು ಕಾಣದೆ ಕೇಳಿದರು. ಅವಳು ಕೈ ಹಿಡಿದಳು. "ಕೈ ಯಾಕಮ್ಮಾ ಇಷ್ಟು ತಣ್ಣಗಿದೆ? ಹೆದರಿಕೆನಾ? ಇನ್ನೂ ಹೋಗಿಲ್ವಾ ನಿಂಗೆ?" ಎಲ್ಲರೂ ನಕ್ಕರು. ಅವಳೂ ನಕ್ಕಳು.

ಗುಬ್ಬಿ ಚೆನ್ನಾಗಿ ಮಾತಾಡಿದಳು. ಪರದೆ ಸರಿಸಿ ಪಾತ್ರೆಯನ್ನು ನಿಜವಾದ ಬಿಸಿಲಿಗೇ ಇಟ್ಟಿದ್ದರು. ಬಟ್ಟೆ ತೆಗೆದವರು ನಿರ್ದೇಶಕರು, ಪ್ರತಿಮೆ ಅನಾವರಣ ಮಾಡುವವರಂತೆ ಎಳೆದು, ಗೂಟಕ್ಕೆ ಎಸೆದರು. ನಡುಹಗಲ ಬಿಸಿಲು ಗಾಜಿನೊಳಗೆ ಇಳಿದು, ನೀರು ಬೆಚ್ಚಗಾಗುತ್ತ ಹೋದಂತೆ ಗುಳ್ಳೆಗಳು ದಟ್ಟವಾದವು, ಹಿಂದಿನ ಸಾಲಿನವರೂ ಎದ್ದು ನಿಂತು ನೋಡಿದರು. "ನಾವು ಎಲೆಯಿಂದ ಬೆಳಕು ಹಿಡಿಯೋದನ್ನ ಕಲಿಯೋಕೆ ಹೊರಟ್ವಿ" ಎಂದಳು ಗುಬ್ಬಿ. "ಹಿಡಿಯೋದೇನೂ ಅಷ್ಟು ಕಷ್ಟ ಅಲ್ಲ. ಎಲೆ ತನ್ನ ಮೇಲೆ ಬಿದ್ದಿದ್ದರಲ್ಲಿ ಬಳಸಿಕೊಳ್ಳೋದು ಸ್ವಲ್ಪ, ಮಿಕ್ಕಿದ್ದು ಶಾಖ ಮಾಡಿ ಆಚೆ ಚೆಲ್ಲುತ್ತೆ. ನಿಜವಾಗಿ ಕಷ್ಟದ್ದು ಆಮೇಲಿಂದು. ನೀರು ಒಡೆಯೋ ಜಾಗ ಇದೆಯಲ್ಲ ಎಲೆಯೊಳಗೆ, ಅದನ್ನ ಬೆಳಕೇ ಹಾಳು ಮಾಡ್ತಾ ಇರುತ್ತೆ. ಬಿರುಬಿಸಿಲಲ್ಲಿ ನೋಡ್ತಾ ನೋಡ್ತಾ ಇರೋವಾಗ್ಲೇ ಕೆಡುತ್ತೆ. ಎಲೆ ಏನ್ಮಾಡುತ್ತೆ ಅಂದ್ರೆ, ಕೆಟ್ಟ ಭಾಗವನ್ನ ಕಿತ್ತು, ಹೊಸದು ಮಾಡಿ, ಅಲ್ಲೇ ಕೂರಿಸುತ್ತೆ. ದಿನವೆಲ್ಲ. ಕೆಡೋದು, ಕಿತ್ತು ಹಾಕೋದು, ಕೂರಿಸೋದು. ನಮ್ಮ ಎಲೆಗೆ ಅದು ಬರಲ್ಲ. ನಮ್ಮದು ಕೆಟ್ಟರೆ ಕೆಟ್ಟಿತು. ಕೆಟ್ಟಿದೆ ಅಂತಾನೂ ಹೇಳಲ್ಲ." ಕೊನೆಯ ಮಾತಿಗೆ ಜನ ನಕ್ಕರು. ಈ ಕೊನೆಯ ಮಾತು ಅಭ್ಯಾಸ ಮಾಡಿದಾಗ ಇರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಮೇಷ್ಟರು ಗುಬ್ಬಿಯ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, "ಕತ್ತಲಲ್ಲಿ?" ಎಂದರು. ಒಂದೇ ಮಾತು. ಕೋಣೆಯಲ್ಲಿದ್ದ ಹೊರಗಿನವರಿಗೆ ಅರ್ಥವಾಗಲಿಲ್ಲ. ಗುಬ್ಬಿ ಇವಳ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬಾಗಿಲು ತೆರೆದು ಹಿಡಿದು, ನೀವು ಮೊದಲು ಹೋಗಿ ಎನ್ನುವವರ ನೋಟ. ಇವಳು ಬಾಯಿ ತೆರೆದಳು. ಇಲ್ಲ ಸರ್, ನೋಡಿಲ್ಲ, ನಾನೇ ಬೇಡ ಅಂದೆ. ಎಲ್ಲ ಪದಗಳೂ ನಾಲಗೆಯ ಮೇಲೆ ಸಾಲಾಗಿ ಇದ್ದವು. ಬಂದದ್ದು ಬೇರೆ. "ಅವಳು ನೋಡಿರ್ತಾಳೆ ಅಂದ್ಕೊಂಡಿದ್ದೆ ಸರ್" ಎಂದಳು. ಅಷ್ಟು ಸಣ್ಣ ವಾಕ್ಯ. ಹೇಳಿದ ಮೇಲೆ ಅದು ತನ್ನ ಬಾಯಿಂದ ಬಂದದ್ದು ಎಂದು ನಂಬುವುದಕ್ಕೆ ಅವಳು ತುಟಿ ಒರೆಸಿಕೊಂಡಳು. ಗುಬ್ಬಿ ಕಣ್ಣು ಕೆಳಗಿಳಿಸಿದಳು. "ಇಲ್ಲ ಸರ್, ನೋಡಿಲ್ಲ. ನೋಡಬೇಕಿತ್ತು. ನನ್ನ ತಪ್ಪು." ಮೇಷ್ಟರು "ಹ್ಞಾಂ" ಎಂದರು, ಎಲ್ಲೋ ದೂರದಲ್ಲಿ ಬಾಗಿಲು ಹಾಕಿದ ಹಾಗೆ. ನಿರ್ದೇಶಕರು ತಕ್ಷಣ, "ಮಕ್ಕಳು ಸರ್, ಉತ್ಸಾಹ ಜಾಸ್ತಿ! ಊಟಕ್ಕೆ ಏಳೋಣ" ಎಂದು ಕುರ್ಚಿ ಸರಿಸಿದರು.

ಊಟದ ಮೇಜಿನಲ್ಲಿ ಅವಳು ಮೇಷ್ಟರ ಪಕ್ಕ ಕೂತು, ಬಡಿಸಿದ್ದೆಲ್ಲಿದೆ ಎಂದು ಅವರ ಬೆರಳಿಗೆ ತೋರಿಸಿದಳು. ಅವರು ನಿಧಾನವಾಗಿ ಉಂಡರು. "ಹುಡುಗಿ ಚುರುಕು" ಎಂದರು ನಿರ್ದೇಶಕರಿಗೆ. "ಮಾತು ಚೆಂದ. ಆದ್ರೆ ನಮ್ಮಲ್ಲಿಗೆ ಬೇಕಾದ್ದು ಮಾತಲ್ಲ. ಕತ್ತಲಲ್ಲಿ ನೋಡೋ ಅಭ್ಯಾಸ ಒಂದು ಸಲ ತಪ್ಪಿದ್ರೆ ತಪ್ಪಿದ ಹಾಗೇ. ಇಲ್ಲೇ ಇನ್ನಷ್ಟು ದಿನ ಪಳಗಲಿ." ಇವಳ ಕಡೆ ತಿರುಗಿ, "ನಿನ್ನ ಹತ್ರ ಕಲಿತವಳು ಹೀಗೆ ಅಂದ್ರೆ ನಂಗೆ ಆಶ್ಚರ್ಯ ನೋಡು" ಎಂದರು, ಬೈಗುಳವಲ್ಲದ ದನಿಯಲ್ಲಿ, ಅವಳ ಪರವಾಗಿ ಬೇಸರಪಟ್ಟುಕೊಂಡು. ಅತ್ತೆ ಎಷ್ಟು ಸುಲಭವಾಗಿ ಹೇಳಿಬಿಟ್ಟರಲ್ಲ ಅನ್ನಿಸಿದ್ದು ಆಗಲೇ. ಅತ್ತೆಯ ದನಿ ಕೇಳಿಸಿತು: ನಾನೇ ಸುಟ್ಟೆ. ಕೈ ಝಾಡಿಸಿಕೊಂಡದ್ದು, ಪಾತ್ರೆಯ ಸದ್ದು. ಮದುವೆಯಾದ ಹೊಸತರಲ್ಲಿ ಈ ಅತ್ತೆಗೆ ಓದು ಬರಹ ಹೆಚ್ಚಿಲ್ಲವೆಂದು ಅವಳು ಗೆಳತಿಯರ ಮುಂದೆ ನಗುತ್ತಿದ್ದದ್ದೂ, ಒಂದು ಸಲ ಅತ್ತೆ ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡು, ಏನೂ ಆಗದವರ ಹಾಗೆ ಕಾಫಿ ತಂದಿಟ್ಟದ್ದೂ, ಕರೆಯದೆ ಬಂದು ಪಕ್ಕದಲ್ಲಿ ಕೂತವು. ಮನುಷ್ಯನಿಗೆ ಅಂಟು ಎದ್ದುಬರುವುದು ಒಂದೇ ಮೂಲೆಯಿಂದ. ಆಮೇಲೆ ನೀರು ಎಲ್ಲ ಕಡೆಗೂ ನುಗ್ಗುತ್ತದೆ. ಅವಳು ನೀರು ಕುಡಿದಳು. ಮೇಜಿನ ಇನ್ನೊಂದು ತುದಿಯಲ್ಲಿ ಗುಬ್ಬಿ ಪಕ್ಕದವರಿಗೆ ಏನೋ ಹೇಳಿ ನಗಿಸುತ್ತಿದ್ದಳು. ತಟ್ಟೆಯಲ್ಲಿದ್ದದ್ದನ್ನು ಮುಟ್ಟಿರಲಿಲ್ಲ. ಕುಟುಕದೆ ಕೂತ ಗುಬ್ಬಿಯನ್ನು ಅವಳು ನೋಡಿದ್ದು ಅದೇ ಮೊದಲು.

ಮೇಷ್ಟರು ಅತಿಥಿ ಕೋಣೆಯಲ್ಲಿ ಸ್ವಲ್ಪ ಅಡ್ಡಾಗಿ, ಬಿಸಿಲಿಳಿಯುವ ಮುಂಚೆ ಹೊರಡುವವರಿದ್ದರು. ಅವಳು ಪ್ರಯೋಗಾಲಯಕ್ಕೆ ಬಂದಾಗ ಗುಬ್ಬಿ ಒಬ್ಬಳೇ ತೊಟ್ಟಿಯ ಮುಂದೆ ನಿಂತು ಗಾಜಿನ ಸಾಮಾನು ತೊಳೆಯುತ್ತಿದ್ದಳು. ಕುರ್ಚಿಗಳು ಇನ್ನೂ ಸಾಲಾಗಿಯೇ ಇದ್ದವು. ಅವಳು ಅವುಗಳಲ್ಲೊಂದರ ಮೇಲೆ ಕೂತಳು, ಮುಂದಿನ ಸಾಲಿನಲ್ಲಿ, ಮೇಷ್ಟರು ಕೂತದ್ದರ ಮೇಲೆ. "ಅದು ಕತ್ತಲಲ್ಲೂ ಬಿಡ್ತಿದೆ" ಎಂದಳು. ನಲ್ಲಿಯ ಸದ್ದು ನಿಂತಿತು. "ಗೊತ್ತು ಮೇಡಂ" ಎಂದಳು ಗುಬ್ಬಿ, ತಿರುಗದೆ. "ನಿನ್ನೆ ಸಂಜೆ ದೀಪ ಆರಿಸಿ ಹೊರಟವಳು ಬೀಗದ ಕೈ ಮರೆತು ವಾಪಸ್ ಬಂದೆ. ಕತ್ತಲಲ್ಲಿ ಟಿಕ್ ಟಿಕ್ ಅಂತ ಸಣ್ಣ ಸದ್ದು. ನಲ್ಲಿ ಅಂದ್ಕೊಂಡೆ. ನಲ್ಲಿ ಅಲ್ಲ." ಒಂದು ಪಾತ್ರೆಯನ್ನು ಒರೆಸಿ ಮಗುಚಿಟ್ಟಳು. "ಬಟ್ಟೆ ಮುಚ್ಚಿದ್ದು ನಾನೇ." "ನೀನಾ?" "ಹೂಂ. ಫೋನ್ ಮಾಡೋಣ ಅಂದ್ಕೊಂಡೆ. ಆಮೇಲೆ, ನಾನು ಹೇಳಿದ್ರೆ ಚೆನ್ನಾಗಿರಲ್ಲ, ಬೆಳಿಗ್ಗೆ ನೀವೇ ಮೊದಲು ಬರ್ತೀರಿ, ನೀವೊಬ್ರೇ ಇರೋವಾಗ ನೋಡ್ಲಿ ಅಂತ ಮುಚ್ಚಿ ಹೋದೆ. ಬಟ್ಟೆ ಇದ್ರೆ ಎತ್ತಿ ನೋಡೇ ನೋಡ್ತೀರಲ್ಲ." ತಾನು ಕಂಡುಹಿಡಿದೆ, ತಾನು ಬಚ್ಚಿಟ್ಟೆ ಎಂದುಕೊಂಡದ್ದನ್ನೆಲ್ಲ ಈ ಹುಡುಗಿ ನಿನ್ನೆಯೇ ಅವಳಿಗಾಗಿ ಮರ್ಯಾದೆಯಿಂದ ಮಡಿಸಿಟ್ಟಿದ್ದಳು. ಬೆಳಗ್ಗೆ ಎಲ್ಲ ಸರಿಯಾಗಿದೆಯಾ ಎಂದು ಕೇಳಿದ್ದಳು. ಇವಳು ಗಟ್ಟಿ ದನಿಯಲ್ಲಿ ಸರಿಯಾಗೇ ಇರುತ್ತಲ್ಲ ಎಂದಿದ್ದನ್ನೂ ಕೇಳಿಸಿಕೊಂಡು ಕೈ ತೊಳೆದಿದ್ದಳು. ಬೆತ್ತಲೆ ಸಿಕ್ಕಿಬಿದ್ದವಳಿಗೆ ನಾಚಿಕೆ ಒಂದು ಥರ. ಸಿಕ್ಕಿಬೀಳದಿರಲಿ ಎಂದು ಯಾರೋ ಕಣ್ಣು ಮುಚ್ಚಿಕೊಂಡು ನಿಂತಿದ್ದರು ಎಂದು ಗೊತ್ತಾಗುವುದು ಬೇರೆ ಥರ. "ಮತ್ತೆ ಅಲ್ಲಿ ನೋಡಿಲ್ಲ ಅಂದೆಯಲ್ಲ?" "ನೋಡಿದ್ದೀನಿ ಅಂದ್ರೆ, ನೋಡಿ ಏನಾಯ್ತು ಅಂತ ಕೇಳ್ತಿದ್ರು." ಗುಬ್ಬಿ ಈಗ ತಿರುಗಿದಳು. ಕಣ್ಣು ಕೆಂಪಾಗಿತ್ತು, ಆದರೆ ನಗುತ್ತಿದ್ದಳು, ಅದೇ ಮಡಿಕೆಯ ನಗು. "ಬಿಡಿ ಮೇಡಂ, ಆಗೋದು ಆಯ್ತು. ಅವರ ಕೇಂದ್ರದಲ್ಲಿ ಕ್ಯಾಂಟೀನು ಚೆನ್ನಾಗಿಲ್ವಂತೆ."

ಆ ಜೋಕನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು, ಪಾತ್ರೆಯ ಮೇಲೆ ಕರಿ ಬಟ್ಟೆ ಹೊದಿಸಿ, ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಹೊರಟಳು. "ಮೇಡಂ, ಎಲ್ಲಿಗೆ? ನೀರು ಚೆಲ್ಲುತ್ತೆ!" ಎಂದು ಗುಬ್ಬಿ ಹಿಂದೆ ಓಡಿಬಂದಳು. ನೀರು ಚೆಲ್ಲಿತು, ಮೆಟ್ಟಿಲಿನ ಮೇಲೆ, ಅವಳ ಬಟ್ಟೆಯ ಮೇಲೆ, ಪಾದದ ಮೇಲೆ. ಕೆಳಗೆ ಬಾಗಿಲ ಮುಂದೆ ಕಾರು ನಿಂತಿತ್ತು. ನಿರ್ದೇಶಕರು ಮೇಷ್ಟರ ತೋಳು ಹಿಡಿದು ಕೊನೆಯ ಮೆಟ್ಟಿಲು ಇಳಿಸುತ್ತಿದ್ದರು. "ಸರ್" ಎಂದಳು. ಪಾತ್ರೆಯನ್ನು ಅವರ ಮುಂದೆ ಹಿಡಿದಳು. ಮೇಷ್ಟರ ಬೆರಳು ಮೊದಲು ಮುಟ್ಟಿದ್ದು ಬಟ್ಟೆಯನ್ನು. ಅಂಚಿಗೆ ಹೋಯಿತು, ದಾರದ ಹೊಲಿಗೆಯ ಮೇಲೆ ನಿಂತಿತು. "ಇದು ನನ್ನ ಛತ್ರಿ ಅಲ್ವೇನೇ?" ಎಂದರು, ಮುಖ ಅರಳಿಸಿ. "ಹೌದು ಸರ್. ಕಿವಿ ಕೊಡಿ ಸರ್." ಅವರು ಬಗ್ಗಿ ಕಿವಿಯನ್ನು ಬಟ್ಟೆಗೆ ಆನಿಸಿದರು, ಮಗುವಿನ ಎದೆ ಕೇಳುವ ಡಾಕ್ಟರ ಹಾಗೆ. ಕಾರಿನ ಡ್ರೈವರು ಎಂಜಿನ್ ಆರಿಸಿದ. ಮುಖದ ಗೆಲುವು ನಿಧಾನವಾಗಿ ಹೋದದ್ದನ್ನು ಅವಳು ಹತ್ತಿರದಿಂದ ನೋಡಿದಳು. "ಮುಚ್ಚಿ ನೋಡೋಣ ಅಂತ ಅವಳು ಕೇಳಿದ್ಲು. ಬೇಡ ಅಂದೋಳು ನಾನು. ಎಲ್ಲರ ಮುಂದೆ ಬೈದೆ. ನಿನ್ನೆ ಅವಳೇ ಮುಚ್ಚಿ ಕಂಡುಹಿಡಿದಿದ್ದಾಳೆ. ಅಲ್ಲಿ ಅವಳು ಹೇಳಿದ್ದು ನನ್ನ ಮಾನ ಉಳಿಸೋಕೆ." "ನಿನಗೆ ಯಾವಾಗ ಗೊತ್ತಾಯ್ತು?" "ಬೆಳಿಗ್ಗೆ." "ನಾನು ಬರೋ ಮುಂಚೆ?" "ಹೌದು ಸರ್. ಬರೋ ಮುಂಚೆ."

ನಿರ್ದೇಶಕರು ಏನೋ ಹೇಳಲು ಹೋಗಿ, ಅಪರೂಪಕ್ಕೆ, ಹೇಳಲಿಲ್ಲ. ಮೇಷ್ಟರು ಬೈಯಬಹುದೆಂದು ಅವಳು ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಅವರು ಬಟ್ಟೆಯನ್ನು ಪಾತ್ರೆಯ ಮೇಲಿಂದ ತೆಗೆದರು. ನಾಲ್ಕಾಗಿ ಮಡಿಸುವುದಕ್ಕೆ ಹೋಗಿ, ಅಂಚು ಕಾಣದೆ, ಹಾಗೇ ಸುತ್ತಿಕೊಂಡರು. "ಆ ಹುಡುಗಿ ಇಲ್ಲೇ ಇದ್ದಾಳಾ?" "ಇದ್ದೀನಿ ಸರ್" ಎಂದಳು ಗುಬ್ಬಿ, ಮೆಟ್ಟಿಲ ಮೇಲಿಂದ. ಅವರು ದನಿಯ ಕಡೆಗೆ ಕೈ ಚಾಚಿದರು. "ತಗೋ. ಕೇಂದ್ರಕ್ಕೆ ಬರೋವಾಗ ತಗೊಂಡು ಬಾ. ನಮ್ಮಲ್ಲಿ ಬಟ್ಟೆಗೇನೂ ಕೊರತೆ ಇಲ್ಲ, ಆದ್ರೂ ತಗೊಂಡು ಬಾ. ಇನ್ನೊಂದು ಸಲ ಯಾರ ಮಾನ ಉಳಿಸೋಕೂ ಸುಳ್ಳು ಹೇಳಬೇಡ." ಗುಬ್ಬಿ ಇವಳ ಮುಖ ನೋಡಿದಳು, ತೆಗೆದುಕೊಳ್ಳಲೇ ಎಂಬಂತೆ. ಅವಳು ಹೂಂ ಎಂದು ತಲೆಯಾಡಿಸಿದಳು. ಅಷ್ಟು ವರ್ಷ ಜೊತೆಗಿದ್ದ ಬಟ್ಟೆ ಅವಳ ಮುಖದ ಮುಂದೆಯೇ ದಾಟಿಹೋಯಿತು. ಅದರ ಹಳೆಯ ವಾಸನೆ ಒಮ್ಮೆ ಮೂಗಿಗೆ ಬಡಿಯಿತು. ಮೇಷ್ಟರು ಕಾರಿನೊಳಗೆ ಕೂತು, ಕೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು, "ಹೇಳಬೇಕಾಗಿದ್ದು ಅಲ್ಲಿ ಮೇಲೇನೇ ಕಣಮ್ಮಾ, ಅಷ್ಟು ಜನರ ಮುಂದೆ" ಎಂದರು. ಕಾರು ಹೋಯಿತು. ಈ ಸಲ ಅವರು ಅವಳ ಕೈ ಹಿಡಿದಿರಲಿಲ್ಲ.

ನಿರ್ದೇಶಕರು ಒಳಗೆ ಹೋದರು. ಗುಬ್ಬಿ ಹತ್ತಿರ ಬಂದು, "ಮೇಡಂ, ಪಾತ್ರೆ ಕೊಡಿ" ಎಂದಳು. "ನೀನು ನಡಿ, ಬಂದೆ" ಎಂದಳು ಅವಳು. ಅಂಗಳದಲ್ಲಿ ನೆರಳಿರಲಿಲ್ಲ. ಮುಚ್ಚಿಲ್ಲದ ಪಾತ್ರೆ ಕೈಯಲ್ಲಿ ಬಿಸಿಯಾಗುತ್ತ ಬಂತು. ಗುಳ್ಳೆಗಳು ಮತ್ತೆ ದಟ್ಟವಾದವು, ಸಾಲು ಹೋಗಿ ಗುಂಪಾಗಿ, ಇದಕ್ಕಿಂತ ಚೆನ್ನಾಗಿ ಯಾವ ಎಲೆಯೂ ಕೆಲಸ ಮಾಡದು ಎಂಬಂತೆ. ಗೇಟಿನ ಕಾವಲುಗಾರ ಬೆಳಗ್ಗೆಯಿಂದ ಬರುಹೋಗುವವರಿಗೆಲ್ಲ, ನಮ್ಮ ಮೇಡಂ ಬಿಸಿಲಿಂದ ಗ್ಯಾಸ್ ತೆಗೀತಾರೆ ಎಂದು ಹೇಳಿಕೊಂಡು ಬಂದಿದ್ದವನು, ಟೋಪಿ ಸರಿಪಡಿಸಿಕೊಳ್ಳುತ್ತ ಹತ್ತಿರ ಬಂದು ಬಗ್ಗಿ ನೋಡಿದ. "ಅಬ್ಬಾ! ಬಿಸಿಲಿಗೆ ಹಿಡಿದ ಕೂಡ್ಲೇ ಹೆಂಗೆ ಶುರುವಾಯ್ತು ನೋಡಿ ಮೇಡಂ! ಇದೇ ಅಲ್ವಾ ಅದು?" ಅವನ ಮುಖದಲ್ಲಿ ಹೆಮ್ಮೆ ತುಂಬಿತ್ತು, ಅದರಲ್ಲಿ ಸ್ವಲ್ಪ ಭಾಗ ಅವನದ್ದೂ ಇದ್ದಂತೆ. ಹೌದಪ್ಪಾ ಎಂದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ.

"ಇದು ಬಿಸಿಲಿಂದಲ್ಲ ಕಣಪ್ಪಾ" ಎಂದಳು. ಮಾತು ಅತ್ತೆಯ ಹಾಗೆ ಸಲೀಸಾಗಿ ಬರಲಿಲ್ಲ. "ತಗಡು ಕರಗ್ತಿದೆ, ಅಷ್ಟೆ. ನಾನೇ ನೋಡಿರಲಿಲ್ಲ. ನಾನೇ." ಅವನು ಪಾತ್ರೆಯನ್ನು ಒಮ್ಮೆ, ಅವಳ ಒದ್ದೆ ಬಟ್ಟೆಯನ್ನು ಒಮ್ಮೆ ನೋಡಿದ.

"ಹಂಗಾದ್ರೆ ನೆರಳಿಗೆ ಬನ್ನಿ ಮೇಡಂ" ಎಂದ. "ಎಷ್ಟೊತ್ತು ನಿಲ್ತೀರಿ ಇಲ್ಲಿ, ಸುಟ್ಟುಹೋಗ್ತೀರಿ."

"ಬರ್ತೀನಿ" ಎಂದಳು. ಆದರೆ ಅಲ್ಲೇ ನಿಂತಿದ್ದಳು.